ಬೆಳೆದ ಪಾಮ್ ಮರವನ್ನು ಮನೆಯಂಗಳಕ್ಕೆ ತರುವ ಮುನ್ನ

[ದೃಶ್ಯ: ಮಂಗಳೂರಿನ ಹಳೆಯ ಹಂಚಿನ ಮನೆ, ಅಂಗಳದಲ್ಲಿ ಎತ್ತರದ ರಾಯಲ್ ಪಾಮ್]

ನಮಸ್ಕಾರ. ಮಂಗಳೂರಿನಲ್ಲಿ ಹಂಚಿನ ಮನೆ ಕೆಡವಿ ವಸತಿ ಸಮುಚ್ಚಯ ಕಟ್ಟಲು ಹೊರಟಾಗ, ಅಂಗಳದ ರಾಯಲ್ ಪಾಮ್ ಮರವನ್ನು ಕಡಿಯಲು ಮನಸ್ಸಾಗದೆ, ಬೇಕಾದವರು ಕೊಂಡೊಯ್ಯಲಿ ಎನ್ನುವವರಿದ್ದಾರೆ. ಅಷ್ಟು ದೊಡ್ಡ ಮರ ಬೇರೆಡೆ ಬದುಕೀತೇ ಎಂಬ ಸಂದೇಹ ಸಹಜ. ಅದೇ ವಯಸ್ಸಿನ ಹಲಸನ್ನೋ ಮಾವನ್ನೋ ಕೀಳಲು ನಾನು ಯಾರಿಗೂ ಹೇಳಲಾರೆ. ಪಾಮ್ ಜಾತಿಯ ಮಾತು ಬೇರೆ.

ಪಾಮ್ ಹುಲ್ಲಿನಂತೆ ಏಕದಳ ಸಸ್ಯ. ಅದಕ್ಕೆ ತಾಯಿಬೇರಿಲ್ಲ, ಕಾಂಡದ ಬುಡದಿಂದ ಹೊಸ ಬೇರುಗಳು ಬದುಕಿರುವಷ್ಟು ಕಾಲವೂ ಹೊರಡುತ್ತಲೇ ಇರುತ್ತವೆ. ಕಾಂಡವಿನ್ನೂ ಮೂಡದ ಎಳೆಯ ಗಿಡದಲ್ಲಿ ಈ ಶಕ್ತಿ ಪೂರ್ತಿ ಬಲಿತಿರುವುದಿಲ್ಲವಾದ್ದರಿಂದ, ನೆಲದಿಂದ ಕಿತ್ತ ಎಳೆಯ ಗಿಡಕ್ಕಿಂತ ಬೆಳೆದ ಮರವೇ ಬದುಕುವ ಸಂಭವ ಹೆಚ್ಚು. ಫ್ಲೋರಿಡಾ ವಿಶ್ವವಿದ್ಯಾಲಯದವರು ಪರೀಕ್ಷಿಸಿ ನೋಡಿದಾಗ, ತೆಂಗಿನ ಕಡಿದ ಬೇರುಗಳಲ್ಲಿ ಸುಮಾರು ಅರ್ಧದಷ್ಟು ಬದುಕಿ ಕವಲೊಡೆದರೆ, ಅಲ್ಲಿಯದೇ ಆದ ಸಬಾಲ್ ಪಾಮ್‌ನಲ್ಲಿ ಹೆಚ್ಚುಕಡಿಮೆ ಎಲ್ಲವೂ ಸತ್ತವು. ರಾಯಲ್ ಪಾಮ್‌ನಲ್ಲಿ ಬೇರನ್ನು ಎಷ್ಟು ಉದ್ದ ಉಳಿಸಿದರೋ ಅಷ್ಟು ಹೆಚ್ಚು ಬದುಕಿದವು. ಆದ್ದರಿಂದ ಕಾಂಡದಿಂದ ಎರಡು ಅಡಿಗಿಂತ ಹತ್ತಿರ ಪಿಕ್ಕಾಸು ಹಾಕಲು ನಾನು ಒಪ್ಪುವುದಿಲ್ಲ.

ನಮ್ಮೂರಿನ ಬೈನೆ ಮತ್ತು ಶ್ರೀತಾಳೆ ಮರಗಳಿಗೆ ದುಡ್ಡು ಕೊಡುವ ಮುನ್ನ ಯೋಚಿಸಿ. ಶ್ರೀತಾಳೆ ಒಮ್ಮೆ ಹೂಬಿಟ್ಟು ಕಾಯಾದ ಮೇಲೆ ಸಾಯುತ್ತದೆ. ಬೈನೆಯಲ್ಲಿ ಹೂಗೊನೆ ತುದಿಯಿಂದ ಕೆಳಕ್ಕೆ ಇಳಿಯುತ್ತಾ ಬಂದು ಮುಗಿದರೆ ಮರವೂ ಮುಗಿದಂತೆ.

[ದೃಶ್ಯ: ಗೋಣಿ ಸುತ್ತಿದ ಬೇರುಮುದ್ದೆ, ಅಗಲವಾದ ಪಟ್ಟಿಯಿಂದ ಎತ್ತುತ್ತಿರುವ ಕ್ರೇನು]

ಇನ್ನು ತೂಕ. 40 ಸೆಂಟಿಮೀಟರ್ ದಪ್ಪ, 8 ಮೀಟರ್ ಎತ್ತರದ ಕಾಂಡದ ಗಾತ್ರ ಒಂದು ಘನಮೀಟರ್; ನೀರು ತುಂಬಿರುವುದರಿಂದ ಅದು ಒಂದು ಟನ್ನಿನ ಆಸುಪಾಸು ತೂಗುತ್ತದೆ, ಒದ್ದೆ ಮಣ್ಣಿನ ಮುದ್ದೆಯೋ ಅದರ ಎರಡು ಪಟ್ಟಿಗೂ ಹೆಚ್ಚು. ಮರದ ಬೆಲೆಗಿಂತ ಕ್ರೇನಿನ ಬಾಡಿಗೆಯೇ ಭಾರವಾಗುವುದು ಇಲ್ಲಿ! ಓಣಿಯೊಳಗೆ ಕ್ರೇನು ತಿರುಗೀತೇ, ಮೇಲೆ ತಂತಿಯಿದ್ದರೆ ಮೆಸ್ಕಾಂನವರು ಎಷ್ಟು ಹೊತ್ತಿಗೆ ವಿದ್ಯುತ್ ನಿಲ್ಲಿಸುತ್ತಾರೆ ಎಂಬುದನ್ನು ಅಗೆತಕ್ಕೆ ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು. ಕೆಳಗಿನ ಅರ್ಧದಷ್ಟು ಗರಿಗಳನ್ನು ಕತ್ತರಿಸಿ, ಉಳಿದವನ್ನು ಸುಳಿಯ ಸುತ್ತ ಕಟ್ಟಬೇಕು. ಈ ಮರಕ್ಕಿರುವುದು ಒಂದೇ ಸುಳಿ, ಸಾಗಾಟದಲ್ಲಿ ಅದು ಮುರಿದರೆ ಪಕ್ಕದಿಂದ ಚಿಗುರು ಬಾರದು.

ಕಾಲ ಯಾವುದು? ತುಳುವರ ಆಟಿ ತಿಂಗಳ ಮಳೆಗಾಳಿ ಇಳಿದು ಸೋಣ ತಿಂಗಳು ಬಂದ ಮೇಲೆ, ಅಂದರೆ ಆಗಸ್ಟ್ ಕೊನೆಯಿಂದ, ಮಣ್ಣು ಹಸಿಯಾಗಿಯೂ ಬೆಚ್ಚಗೂ ಇರುವ ಹೊತ್ತೇ ನನ್ನ ಆಯ್ಕೆ. ಜುಲೈಯಲ್ಲಿ ಮುರಕಲ್ಲು, ಅಂದರೆ ಜಂಬಿಟ್ಟಿಗೆಯ, ನೆಲದಲ್ಲಿ ತೋಡಿದ ಗುಂಡಿ ಬಾವಿಯಾಗುತ್ತದೆ. ಮುರಕಲ್ಲಿನಲ್ಲಿ ಯಾವಾಗ ನೆಟ್ಟರೂ ಗುಂಡಿಗೆ ನೀರು ಸುರಿದು, ಅದು ಬಸಿದುಹೋಗದಿದ್ದರೆ ಪಕ್ಕಕ್ಕೆ ಕಾಲುವೆ ಕಡಿಯಲೇಬೇಕು.

ಮೊದಲಿದ್ದ ಆಳಕ್ಕೇ ನೆಡಿ. ಗಟ್ಟಿಯಾಗಿ ನಿಲ್ಲಲೆಂದು ಒಂದೆರಡು ಅಡಿ ಹೆಚ್ಚು ಹೂಳುವ ಅಭ್ಯಾಸ ನಮ್ಮಲ್ಲಿದೆ. ಹಾಗೆ ಹೂತ ಮರ ಕೂಡಲೇ ಸಾಯದೆ, ಗರಿ ಹಳದಿಯಾಗುತ್ತಾ ವರ್ಷಗಟ್ಟಲೆ ಸೊರಗುತ್ತದೆ. ಆಧಾರಕ್ಕೆ ಊರುಗೋಲು ಕೊಡುವಾಗ ಕಾಂಡಕ್ಕೆ ಗೋಣಿ ಸುತ್ತಿ, ಅದರ ಮೇಲೆ ಮರದ ತುಂಡುಗಳನ್ನು ಪಟ್ಟಿಯಿಂದ ಬಿಗಿದು, ಮೊಳೆಯನ್ನು ಆ ತುಂಡುಗಳಿಗಷ್ಟೇ ಹೊಡೆಯಬೇಕು. ಪಾಮ್ ಕಾಂಡದ ಗಾಯ ಎಂದೂ ಮುಚ್ಚಿಕೊಳ್ಳುವುದಿಲ್ಲ. ತೆಂಗು ಬೆಳೆಸಿದವರಿಗೆಲ್ಲ ಪರಿಚಯವಿರುವ ಕೆಂಪು ಮೂತಿ ಹುಳು ಗಾಯದ ವಾಸನೆ ಹಿಡಿದೇ ಬರುತ್ತದೆ.

ನಂತರದ ಕೆಲಸವೆಲ್ಲ ನೀರಿನದು. ಮಳೆ ನಿಂತ ಮೇಲೆ ಮುಂದಿನ ಜೂನ್‌ವರೆಗೆ ಬೇರುಮುದ್ದೆ ಒಣಗಬಾರದು. ಹಳೆಯ ಗರಿ ಬಾಡಿದರೆ ಗಾಬರಿ ಬೇಡ. ಇನ್ನೂ ಬಿಚ್ಚದ ಸುಳಿಗರಿಗೂ ಅದರ ಪಕ್ಕದ ಗರಿಗೂ ಸಮಮಟ್ಟದಲ್ಲಿ ಬಣ್ಣದ ಗೆರೆ ಎಳೆದಿಟ್ಟು, ತಿಂಗಳಿಗೊಮ್ಮೆ ಏಣಿ ಹತ್ತಿ ನೋಡಿ. ಸುಳಿಯ ಗೆರೆ ಮೇಲಕ್ಕೆ ಸರಿದಿದ್ದರೆ ಮರ ಬೆಳೆಯತೊಡಗಿದೆ. ಗೊಬ್ಬರ ಕೊಡುವುದು ಆಮೇಲೆ.