ಕ್ರಿಯಾಪದಕ್ಕೆ ಮುಂಚೆ ಒಂದು ಉಸಿರು

ಕೇಳುಗರಿಗೆಲ್ಲ ನಮಸ್ಕಾರ. ನಾನು ಮೊದಲ್ನೇ ಸಲ ಮೈಕ್ ಹಿಡಿದಿದ್ದು ನಮ್ಮೂರಿನ ಗಣಪತಿ ಪೆಂಡಾಲಲ್ಲಿ, ವಂದನಾರ್ಪಣೆಗೆ. ಚೀಟೀಲಿ 18 ಹೆಸ್ರು, ಎಲ್ಲಿ ತಡವರಿಸ್ತೀನೋ ಅನ್ನೋ ಭಯಕ್ಕೆ ಒಂದೇ ಉಸಿರಲ್ಲಿ ಓದ್ಬಿಟ್ಟೆ, ಕೆಳಗಿಳಿದ್ಮೇಲೆ ಪೆಂಡಾಲ್ ಹಾಕ್ದೋರು ಬಂದು 'ನಮ್ ಹೆಸ್ರು ಬಿಟ್ಬಿಟ್ಯಲ್ಲಪ್ಪಾ' ಅಂದ್ರು. ಬಿಟ್ಟಿರ್ಲಿಲ್ಲ, ಹೇಳಿದ್ದೆ, ಯಾರಿಗೂ ಕೇಳಿಸಿರ್ಲಿಲ್ಲ ಅಷ್ಟೇ.

ಮಾತಿನ ಮಧ್ಯೆ ಯಾಕೆ ನಿಲ್ಲಿಸ್ಬೇಕು ಅನ್ನೋದಕ್ಕೆ ಒಂದು ಲೆಕ್ಕಾನೂ ಇದೆ. ಶಬ್ದ ಸೆಕೆಂಡಿಗೆ ಹೆಚ್ಚುಕಮ್ಮಿ 340 ಮೀಟರ್ ಹೋಗುತ್ತೆ, ಮೈದಾನದ ಆ ತುದೀಲಿ 170 ಮೀಟರ್ ದೂರಕ್ಕೆ ಇನ್ನೊಂದು ಹಾರ್ನ್ ಕಟ್ಟಿದ್ರೆ ಅದರ ಸದ್ದು ಸ್ಟೇಜ್ ಹತ್ರ ಕೂತೋರಿಗೆ ಅರ್ಧ ಸೆಕೆಂಡ್ ಲೇಟಾಗಿ ಬರುತ್ತೆ, ನಾವು ನಿಲ್ಲಿಸ್ದೇ ಹೋದ್ರೆ ಹಳೇ ಮಾತು ಹೊಸ ಮಾತಿನ ಮೇಲೆ ಬಿದ್ದು ಎರಡೂ ಕಲಸುಮೇಲೋಗರ.

ಸರಿ, ಎಲ್ಲಿ ನಿಲ್ಲಿಸ್ಬೇಕು? ನಮ್ ಭಾಷೇಲಿ ಕ್ರಿಯಾಪದ ಕೊನೇಲಿ ಬರುತ್ತಲ್ಲ, ಆಯ್ತೋ ಇಲ್ವೋ ಅನ್ನೋದು ಅಲ್ಲೇ ಬಚ್ಚಿಟ್ಕೊಂಡಿರುತ್ತೆ. 'ಈ ಸಲದ ಮಳೇಗೆ ನಮ್ಮೂರ ಕೆರೆ…' ಅಂತ ನಿಲ್ಸಿ ನೋಡಿ, ತುಂಬ್ತೋ ಒಡೀತೋ ಅಂತ ಹಿಂದೆ ಕೂತು ಕಡ್ಲೆಕಾಯಿ ತಿಂತಿರೋನೂ ತಲೆ ಎತ್ತುತಾನೆ. ಹಿಂದೀನೂ ಹಾಗೇನೇ. ವಾಜಪೇಯಿಯವ್ರು ಮಾತಿನ ಮಧ್ಯೆ ಕಣ್ಮುಚ್ಚಿ ಸುಮ್ನಾಗ್ತಿದ್ದದ್ದು ನೆನಪಿದ್ಯಲ್ಲ, ಮಿಮಿಕ್ರಿ ಮಾಡೋರೂ ಅವರ ದನಿಗಿಂತ ಆ ಮೌನಾನೇ ಮೊದ್ಲು ಹಿಡೀತಿದ್ರು.

ನನಗಂತೂ ಗುರುಗಳು ಅಂದ್ರೆ ಯಕ್ಷಗಾನದ ತಾಳಮದ್ದಳೆಯವ್ರೇ. ವೇಷ ಇಲ್ಲ ಕುಣಿತ ಇಲ್ಲ, ಕೂತ್ಕೊಂಡು ಬರೀ ಮಾತು. ಹಾಡೋ ಭಾಗವತರ ಪದ ಮುಗಿದ್ರೂ ಪಳಗಿದ ಅರ್ಥಧಾರಿ, ಅಂದ್ರೆ ಪಾತ್ರದ ಮಾತಾಡೋರು, ತಕ್ಷಣ ಬಾಯಿ ತೆಗ್ಯಲ್ಲ, ಶಾಲು ಸರಿ ಮಾಡ್ಕೋತಾರೆ, ಎದುರಿಗಿರೋ ಕೃಷ್ಣನನ್ನ ಒಂದ್ಸಲ ನೋಡ್ತಾರೆ, ಆಮೇಲೆ ನಿಧಾನಕ್ಕೆ 'ಏನಂದೆ?' ಅಂತಾರೆ, ಅಷ್ಟೊತ್ತಿಗೆ ಅರ್ಧ ವಾದ ಗೆದ್ದಾಗಿರುತ್ತೆ.

ಸುಮ್ನಿರೋಕೆ ಭಯ ಆಗೋರು ಆ ಜಾಗಕ್ಕೆ 'ಅದೇನಪ್ಪಾ ಅಂದ್ರೆ' ತುಂಬ್ತಾರೆ, ನಾನೂ ವರ್ಷಗಟ್ಲೆ ತುಂಬಿದೀನಿ. ಈಗ ಅದು ನಾಲಿಗೆ ತುದೀಗೆ ಬಂದ್ರೆ ಬಾಯಿ ಮುಚ್ಕೊಂಡು ಮೂಗಲ್ಲಿ ಉಸಿರೆಳ್ಕೋತೀನಿ, ನಮಗೆ ಒಂದು ಯುಗ ಅನ್ಸುತ್ತೆ, ಕೂತೋರಿಗೆ ಏನೂ ಗೊತ್ತಾಗಲ್ಲ.

ರೇಡಿಯೋದಲ್ಲಿ ಮಾತ್ರ ಈ ಆಟ ನಡ್ಯಲ್ಲ ಬಿಡಿ. ನಾನು ಶಾಲು ಸರಿ ಮಾಡ್ಕೊಂಡ್ರೆ ನಿಮಗೆ ಕಾಣಲ್ಲ, ಜಾಸ್ತಿ ಹೊತ್ತು ಸುಮ್ನಾದ್ರೆ ಸ್ಟೇಷನ್ ಹೋಯ್ತು ಅಂತ ರೇಡಿಯೋ ಕಿವಿ ತಿರುವ್ತೀರ. ಅದಕ್ಕೇ ಸ್ಕ್ರಿಪ್ಟಲ್ಲಿ ಕೆಂಪು ಪೆನ್ನಲ್ಲಿ ಗೆರೆ ಎಳ್ಕೊಂಡು ಬಂದೆ, ಒಂದು ಗೆರೆಗೆ ಒಂದು ಉಸಿರು. ರಿಹರ್ಸಲಲ್ಲಿ ಎರಡು ಗೆರೆ ಇದ್ದ ಕಡೆ ನಿಂತಿದ್ದಕ್ಕೆ ಗಾಜಿನಾಚೆ ಕೂತೋರು ಗಾಬರಿಯಾಗಿ ಹೆಡ್‌ಫೋನ್ ತೆಗೆದು ನೋಡಿದ್ರು, ಒಂದು ಗೆರೆ ಹೊಡೆದುಹಾಕ್ದೆ. ನಮಸ್ಕಾರ.