ಸೂರ್ಯನ ಅಂಚಿನ ತೂಗುಸೇತುವೆ

ಕೇಳುಗರಿಗೆ ನಮಸ್ಕಾರ. 2019ರ ಡಿಸೆಂಬರ್ 26ರ ಬೆಳಿಗ್ಗೆ ಕೊಡಗಿನ ಕುಟ್ಟದ ಕಾಯಿಮಾನಿಯಲ್ಲಿ ಕಂಕಣ ಗ್ರಹಣ ನೋಡಿದವರ ಕಣ್ಣಿಗೆ ಬಿದ್ದದ್ದು ಬೆಳಕಿನ ಬಳೆ. ಸೂರ್ಯನ ಅಂಚಿನಿಂದ ಎದ್ದು ನಿಲ್ಲುವ ನಸುಗೆಂಪು ಚಾಚಿಕೆಗಳು ಕಾಣಲಿಲ್ಲ. ಅವನ್ನು ಮುಳುಗಿಸಿಬಿಡಲು ಆ ತೆಳು ಬಳೆಯಷ್ಟು ಬಿಸಿಲೇ ಸಾಕು.

ಚಾಚಿಕೆಯನ್ನು ಬೆಂಕಿಯ ನಾಲಿಗೆ ಎನ್ನುವುದುಂಟು; ಅದು ತಪ್ಪು. ಸುತ್ತಲಿನ ಕರೋನಾದ, ಎಂದರೆ ಸೂರ್ಯನ ಹೊರ ವಾತಾವರಣದ, ತಾಪ 10 ಲಕ್ಷ ಡಿಗ್ರಿಗೂ ಮೇಲೆ. ಚಾಚಿಕೆಯದು ಬರೀ 8,000 ಡಿಗ್ರಿಯ ಆಸುಪಾಸು, ಸಾಂದ್ರತೆ ಮಾತ್ರ ನೂರು ಪಟ್ಟು. ಸೂರ್ಯನ ಸೆಳೆತವೋ ಭೂಮಿಯದರ 28 ಪಟ್ಟು. ಆದರೂ ಈ ಭಾರ ವಾರಗಟ್ಟಲೆ ಮೇಲೆಯೇ ನಿಂತಿರುತ್ತದೆ.

ಕಾವೇರಿ ನಿಸರ್ಗಧಾಮದ ತೂಗುಸೇತುವೆಯನ್ನು ನೆನೆಸಿಕೊಳ್ಳಿ. ಸೂರ್ಯನ ಮೇಲ್ಮೈಯಲ್ಲಿ ಕಾಂತೀಯ ಉತ್ತರ ಧ್ರುವತೆಯ ಪ್ರದೇಶವೂ ದಕ್ಷಿಣ ಧ್ರುವತೆಯ ಪ್ರದೇಶವೂ ಸಂಧಿಸುವ ಗಡಿಯ ಮೇಲೆ ಕಾಂತರೇಖೆಗಳು ಹಾಗೆಯೇ ನಡುವೆ ಜೋತಿರುತ್ತವೆ. ಆ ತಗ್ಗಿನಲ್ಲಿ ಪ್ಲಾಸ್ಮಾ, ಎಂದರೆ ವಿದ್ಯುದಾವೇಶ ಹೊತ್ತ ಕಣಗಳ ಅನಿಲ, ಕೂರುತ್ತದೆ. ಅದು ರೇಖೆಯುದ್ದಕ್ಕೂ ಹರಿಯಬಲ್ಲದು, ರೇಖೆಯನ್ನು ಅಡ್ಡ ದಾಟಲಾರದು. ಜರ್ಮನ್ ವಿಜ್ಞಾನಿಗಳಾದ ಕಿಪ್ಪೆನ್‌ಹಾನ್ ಮತ್ತು ಶ್ಲ್ಯೂಟರ್ 1957ರಲ್ಲಿ ಮಂಡಿಸಿದ ಮಾದರಿಯ ತಿರುಳು ಇದೇ. ಆದರೆ ಈ ಹಗ್ಗಗಳು ಸೇತುವೆಯಂತೆ ನೇರ ಅಡ್ಡಲಾಗಿಲ್ಲ. ಓರೆಯಾಗಿ, ಬಹುಪಾಲು ಗಡಿಯುದ್ದಕ್ಕೇ ಸಾಗುತ್ತವೆ. ಶಾಂತ ಚಾಚಿಕೆಯಲ್ಲಿ ಇವುಗಳ ಬಲ ಸಾಮಾನ್ಯವಾಗಿ 3ರಿಂದ 30 ಗಾಸ್ (ಕಾಂತಬಲದ ಅಳತೆ), ಫ್ರಿಜ್ ಬಾಗಿಲಿಗೆ ಅಂಟಿಸುವ ಅಯಸ್ಕಾಂತಕ್ಕಿಂತ ಕಡಿಮೆ!

ಶಾಂತ ಎಂದರೂ ಒಳಗೆ ನಿಶ್ಚಲವಲ್ಲ. ಅಕ್ಕಪಕ್ಕದ ನೂಲೆಳೆಗಳಲ್ಲೇ ಪ್ಲಾಸ್ಮಾ ಎದುರುಬದುರಾಗಿ, ಸೆಕೆಂಡಿಗೆ 5ರಿಂದ 20 ಕಿಲೋಮೀಟರ್ ವೇಗದಲ್ಲಿ ಹರಿಯುತ್ತಿರುತ್ತದೆ. ಮೇಲೆ ಕಮಾನು ಕಟ್ಟಿ ಇದನ್ನೆಲ್ಲ ಅದುಮಿ ಹಿಡಿದ ಕಾಂತಕ್ಷೇತ್ರ ಎತ್ತರಕ್ಕೆ ಹೋದಂತೆ ಬೇಗ ದುರ್ಬಲವಾಗುವ ಕಡೆ ಹುರಿಗೊಂಡ ಹಗ್ಗ ತಲುಪಿತೆಂದರೆ, ಹಿಡಿತ ತಪ್ಪಿ ಸೆಕೆಂಡಿಗೆ ನೂರಾರು ಕಿಲೋಮೀಟರ್ ವೇಗದಲ್ಲಿ ಸಿಡಿಯುತ್ತದೆ.

ಮಳೆಗಾಲ ಮುಗಿದು ಮಡಿಕೇರಿಯ ಮಂಜು ಸರಿದ ಮೇಲೆ ನೋಡಬಯಸುವವರಿಗೆ ಹೈಡ್ರೋಜನ್-ಆಲ್ಫಾ ದೂರದರ್ಶಕವೇ, ಎಂದರೆ ಹೈಡ್ರೋಜನ್ ಸೂಸುವ ಒಂದು ಕೆಂಪು ಬೆಳಕನ್ನಷ್ಟೇ ಒಳಬಿಡುವ ದೂರದರ್ಶಕವೇ ಬೇಕು. ಗ್ರಹಣದ ಕನ್ನಡಕದಲ್ಲಿ ಚಾಚಿಕೆ ಕಾಣದು. ಸಾಮಾನ್ಯ ದೂರದರ್ಶಕವನ್ನು ಹಾಗೆಯೇ ಸೂರ್ಯನತ್ತ ತಿರುಗಿಸಿದರೆ ಕಣ್ಣೇ ಹೋಗುತ್ತದೆ. ಸೂರ್ಯಬಿಂಬದ ಮೇಲೆ ಬಂದಾಗ ಇದೇ ಚಾಚಿಕೆ ಕಪ್ಪು ಎಳೆಯಾಗಿ ತೋರುತ್ತದೆ. ಆ ಎಳೆ ತಟ್ಟನೆ ಮಾಯವಾದರೆ ಕರಗಿತೆಂದು ಬರೆದುಕೊಳ್ಳಬೇಡಿ. ದೂರದರ್ಶಕದ ಸೋಸುಕ (ಫಿಲ್ಟರ್) ಬೆಳಕಿಗೆ ಬಿಡುವ ಕಿಂಡಿ ಅಲೆಯುದ್ದದಲ್ಲಿ ಸುಮಾರು 0.07 ನ್ಯಾನೋಮೀಟರ್ ಅಗಲ. ಎಳೆ ಸೆಕೆಂಡಿಗೆ 50 ಕಿಲೋಮೀಟರ್ ವೇಗದಲ್ಲಿ ನಮ್ಮತ್ತ ಬಂದರೆ 656.3 ನ್ಯಾನೋಮೀಟರಿನಲ್ಲಿದ್ದ ಅದರ ಬೆಳಕಿನ ರೇಖೆ 0.11 ನ್ಯಾನೋಮೀಟರಿನಷ್ಟು ನೀಲಿಯ ಕಡೆ ಸರಿದು ಕಿಂಡಿಯಿಂದಾಚೆ ಹೋಗುತ್ತದೆ. ಟ್ಯೂನಿಂಗ್ ತಿರುಪನ್ನು ಮೆಲ್ಲಗೆ ನೀಲಿಯ ಕಡೆ ತಿರುಗಿಸಿ. ಎಳೆ ಅಲ್ಲಿ ಮತ್ತೆ ಕಂಡರೆ, ಸೇತುವೆ ಕಿತ್ತುಕೊಂಡು ಹೊರಟಿದೆ ಎಂದರ್ಥ.