ತರಗು ಬೆಂಕಿ ಬಲ್ಲವರು

ಕೇಳುಗರಿಗೆ ನಮಸ್ಕಾರ.

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಇಂದು ಎಲ್ಲಿ ನೋಡಿದರೂ ಲಾಂಟಾನ. ಆಳೆತ್ತರ ಹಬ್ಬಿದ ಆ ಪೊದೆಯ ಕೆಳಗೆ ಹುಲ್ಲು ಬೆಳೆಯುವುದಿಲ್ಲ, ಮರದ ಸಸಿ ಮೇಲೇಳುವುದಿಲ್ಲ. ಹುಲ್ಲಿಲ್ಲದಿದ್ದರೆ ಕಡವೆ, ಕಾಟಿ, ಜಿಂಕೆ ಏನು ಮೇಯಬೇಕು? ಅವಿಲ್ಲದೆ ಹುಲಿ ಹೇಗೆ ಬದುಕಬೇಕು?

ಹೀಗೇಕಾಯಿತು ಎಂದು ಕೇಳಿದರೆ ಈ ಕಾಡಿನ ಬುಡಕಟ್ಟು ಜನರಾದ ಸೋಲಿಗರ ಪೋಡುಗಳ, ಅಂದರೆ ಹಾಡಿಗಳ, ಹಿರಿಯರು ತರಗು ಬೆಂಕಿ ನಿಂತುಹೋದದ್ದನ್ನು ಹೇಳುತ್ತಾರೆ. ಬೇಸಿಗೆ ಬಲಿಯುವ ಮೊದಲೇ, ಕಾಡು ಪೂರ್ತಿ ಒಣಗುವುದಕ್ಕೆ ಮುಂಚೆ, ಉದುರಿದ ಎಲೆಗೆ ಇಡುತ್ತಿದ್ದ ಬೆಂಕಿ ಅದು. ನೆಲದ ಮೇಲಷ್ಟೇ ಹರಿದು ಆರಿಹೋಗುತ್ತಿತ್ತು. ಲಾಂಟಾನದ ಎಳೆಗಿಡ ಸಾಯುತ್ತಿತ್ತು, ಹೊಸ ಹುಲ್ಲು ಚಿಗುರುತ್ತಿತ್ತು. ನೆಲ್ಲಿಮರದ ಸಾರ ಹೀರುವ ಬಂದಣಿಕೆಗೆ ಸೋಲಿಗರು ಉಪ್ಪಿಲು ಎನ್ನುತ್ತಾರೆ, ಅದೂ ಹದ್ದುಬಸ್ತಿನಲ್ಲಿರುತ್ತಿತ್ತು. 1974ರಲ್ಲಿ ಈ ಕಾಡು ವನ್ಯಜೀವಿ ಧಾಮವಾಯಿತು. ಬೇಟೆಯ ಜೊತೆಗೆ ಬೆಂಕಿಯೂ ಅಪರಾಧವಾಯಿತು. ಈಗ ಕಡುಬೇಸಿಗೆಯಲ್ಲಿ ಕಿಚ್ಚು ಬಿದ್ದರೆ ಒಣಗಿದ ಲಾಂಟಾನವನ್ನು ಹಿಡಿದು ಮರದ ನೆತ್ತಿಗೇ ಏರುತ್ತದೆ. ಉಪ್ಪಿಲು ಹೆಚ್ಚಿ ನೆಲ್ಲಿಮರಗಳು ಸೊರಗಿದ್ದನ್ನು ಸಂಶೋಧಕರೂ ಆಮೇಲೆ ಅಧ್ಯಯನ ಮಾಡಿ ಬರೆದರು. ಪೋಡುಗಳಲ್ಲಿ ಅದು ಹಳೆಯ ಸಂಗತಿ.

ಈ ಜನಕ್ಕೆ ಹುಲಿ ಹೊರಗಿನದಲ್ಲ. ಹುಲಿವೀರಪ್ಪ ಅವರ ದೇವರು. ಹೆಜ್ಜೇನು ಕೀಳುವಾಗ ಹುಳುಗಳಿಗೆಂದು ಒಂದು ಪಾಲು ಬಿಡುವುದು, ನೆಲ್ಲಿ ಕೊಯ್ಯುವಾಗ ಪ್ರಾಣಿಗಳಿಗೆಂದು ಮರದಲ್ಲೇ ಕಾಯಿ ಉಳಿಸುವುದು ಅವರ ರೂಢಿ. ಇಂಥವರನ್ನು ಕಾಡಿಗೆ ಅಪಾಯವೆಂದು ಬಗೆದದ್ದು ದೊಡ್ಡ ಅನ್ಯಾಯ.

2011ರ ಆರಂಭದಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಒಕ್ಕಲೆಬ್ಬಿಸುತ್ತಾರೆಂಬ ಅಂಜಿಕೆ ಪೋಡುಗಳಲ್ಲಿ ಹಬ್ಬಿತು. ಸೋಲಿಗರು ಸಂಘಟಿತರಾಗಿ 2006ರ ಅರಣ್ಯ ಹಕ್ಕು ಕಾಯ್ದೆಯ ಅಡಿ ಅರ್ಜಿ ಹಿಡಿದು ನಿಂತರು. ಅದೇ ವರ್ಷ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿತು. ದೇಶದ ಹುಲಿ ಸಂರಕ್ಷಿತ ಪ್ರದೇಶದೊಳಗೆ ಅಂಥ ಹಕ್ಕು ದೊರೆತದ್ದು ಅದೇ ಮೊದಲು. ಸೋಲಿಗ ಸಮುದಾಯದಲ್ಲೇ ಹುಟ್ಟಿ ಪಿಎಚ್.ಡಿ. ಪಡೆದ ಸಿ. ಮಾದೇಗೌಡರಂಥವರ ದುಡಿಮೆ ಇದರ ಹಿಂದಿದೆ.

ಆ ಕಾಯ್ದೆ ಜೇನು, ನೆಲ್ಲಿ, ಪಾಚಿ ಸಂಗ್ರಹಿಸುವ ಹಕ್ಕನ್ನಷ್ಟೇ ಕೊಡುವುದಿಲ್ಲ. ಕಾಡನ್ನೂ ವನ್ಯಜೀವಿಗಳನ್ನೂ ಕಾಯುವ ಅಧಿಕಾರವನ್ನು ಗ್ರಾಮಸಭೆಗೆ ಒಪ್ಪಿಸುತ್ತದೆ. ಹಾಗಿದ್ದರೆ ಯಾವ ಜಾಗದಲ್ಲಿ, ಯಾವ ವಾರದಲ್ಲಿ ತರಗು ಬೆಂಕಿ ಇಡಬೇಕೆಂದು ಪೋಡಿನವರೇ ಕೂತು ತೀರ್ಮಾನಿಸಲಿ. ಅರಣ್ಯ ಇಲಾಖೆಯ ಸಿಬ್ಬಂದಿ ಅವರ ಜೊತೆ ನಿಲ್ಲಲಿ, ವಿಜ್ಞಾನಿಗಳು ಫಲಿತಾಂಶ ಅಳೆಯಲಿ. ಮೊದಲು ಸಣ್ಣ ಜಾಗದಲ್ಲಾದರೂ ಸರಿ. ತಮ್ಮ ಕೈಯಿಂದಲೇ ಆ ಬೆಂಕಿ ಇಟ್ಟು ಬಲ್ಲ ಹಿರಿಯರಿಗೆ ವಯಸ್ಸಾಗುತ್ತಿದೆ. ಈ ಕೆಲಸ ಅವರು ಇರುವಾಗಲೇ ಶುರುವಾಗಬೇಕು.

ನಮಸ್ಕಾರ.